ಹಗ್ಗ ಹಿಡಿದವರ ಪಾಲು

"ನಮ್ಮಪ್ಪ ಸತ್ತು ನಲವತ್ತು ವರ್ಷ ಆತು ಅಂತ ಬರ್ದಿದ್ದೀರಿ. ನಿನ್ನೆ ಫೋನಲ್ಲಿ ಚೆನ್ನಾಗೇ ಮಾತಾಡಿದ್ರು."

ಧಾರವಾಡದ ವಿಶ್ವವಿದ್ಯಾಲಯದಲ್ಲಿ ಸೆಮಿನಾರ್ ಮುಗಿದು ಎಲ್ಲರೂ ಚಹಾಕ್ಕೆ ಹೊರಟಾಗ ಸಹಪಾಠಿ ನರೇಶ ಹೀಗೆಂದ. ಪ್ರಿಯಂವದಾ ಗಾಬರಿಯಾಗಿ ತನ್ನ ಪ್ರಬಂಧದ ಹಾಳೆ ತಿರುವಿದಳು. ತಂತ್ರಜ್ಞಾನದ ಇತಿಹಾಸ ಎಂಬ ವಿಷಯಕ್ಕೆ ಅವಳು ಬರೆದದ್ದು ರಂಪಣಿಯ ಬಗ್ಗೆ. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ದೊಡ್ಡ ಬಲೆ. ಎಪ್ಪತ್ತರ ದಶಕದ ಕೊನೆಗೆ ಯಂತ್ರದ ದೋಣಿಗಳು ಬಂದ ಮೇಲೆ ಅದು ಪೂರ್ತಿ ಅಳಿಯಿತೆಂದು ಮುಗಿಸಿದ್ದಳು.

"ನಿಮ್ಮಪ್ಪನ ಹೆಸರು ಇದರಲ್ಲಿ ಎಲ್ಲಿದೆ?"

"ಹೆಸರಿಲ್ಲ. ನಮ್ಮೂರು ಬೆಳಕೆಲಿ ಅವ್ರು ಈಗ್ಲೂ ಕೈರಂಪಣಿ ಎಳೀತ್ರು. ಬಲೆ ಸಣ್ಣದು, ಕೆಲ್ಸ ಅದೇ. ನೀವು ಒಟ್ಟಿಗೇ ಎಲ್ಲರನ್ನೂ ಮುಗ್ಸಿದ್ರಿ."

ಅವನ ತುಟಿ ಬಿಗಿದೇ ಇತ್ತು, ಕಣ್ಣು ಮಾತ್ರ ನಗುತ್ತಿತ್ತು. ಕುಮಟೆಯವಳಾಗಿಯೂ ಬೆಳಕೆಯನ್ನು ಬಸ್ಸಿನ ಕಿಟಕಿಯಿಂದಷ್ಟೇ ಕಂಡಿದ್ದ ಅವಳಿಗೆ ನಾಚಿಕೆಯಾಯಿತು. ಆ ಕಣ್ಣನ್ನು ಇನ್ನೂ ಸ್ವಲ್ಪ ಹೊತ್ತು ನೋಡಬೇಕೆಂದೂ ಅನಿಸಿತು.

ಇಬ್ಬರೂ ಸೇರಿ ತಿದ್ದಿ ಬರೆಯಿರಿ ಎಂದರು ಮೇಷ್ಟ್ರು. ಲೈಬ್ರರಿಯಲ್ಲಿ ಒಂದು ಅಡಿಟಿಪ್ಪಣಿಗೆ ಅರ್ಧ ದಿನ ಜಗಳವಾಡುವುದು ಇಬ್ಬರಿಗೂ ಹಿತವಾಗಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕೊನೆಯ ಸೆಮಿಸ್ಟರ್ ಬಂತು. ಉಳಿದದ್ದು ಬೆಳಕೆಗೆ ಹೋಗಿ ಬಲೆ ಎಳೆಯುವುದನ್ನು ನೋಡುವುದೊಂದೇ. ಅದೂ ಮುಗಿದರೆ ಅವಳು ಕುಮಟೆಗೆ, ಅವನು ಕೆಲಸ ಸಿಕ್ಕಲ್ಲಿಗೆ. ಮತ್ತೆ ಭೇಟಿಯಾಗಲು ನೆಪ ಇರುವುದಿಲ್ಲ.

ಫೆಬ್ರವರಿಯ ಆ ಬೆಳಿಗ್ಗೆ ದೋಣಿ ಬಲೆಯನ್ನು ಅರ್ಧಚಂದ್ರವಾಗಿ ಬಿಟ್ಟು ಬಂದಿತ್ತು. ದಡದಲ್ಲಿ ಎರಡು ಹಗ್ಗಕ್ಕೂ ಜನ ಸಾಲುಗಟ್ಟಿದ್ದರು.

"ಎಂತ ನೋಡ್ತಾ ನಿಂತಿದ್ದೆ, ಹೆಣ್ಣೆ? ಹಿಡಿ," ಎಂದು ನರೇಶನ ತಾಯಿ ಲಕ್ಕಿ ಅವಳ ದುಪಟ್ಟಾವನ್ನು ಸೊಂಟಕ್ಕೆ ಬಿಗಿದಳು.

ಪ್ರಿಯಂವದಾ ನರೇಶನ ಹಿಂದೆ ಹಗ್ಗ ಹಿಡಿದಳು. ಅವನ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು. ಅಲೆ ಹಿಂದಕ್ಕೆ ಜಗ್ಗಿದಾಗ ಅವಳ ಹಣೆ ಆ ಬೆನ್ನಿಗೆ ತಾಗಿತು.

"ಕೈ ಕೆಂಪಾಗ್ತದೆ, ಬಿಡಿ," ಎಂದ ಅವನು, ತಿರುಗದೆ.

"ಎಲ್ಲರನ್ನೂ ಸಾಯ್ಸಿದ ಕೈ. ಸ್ವಲ್ಪ ಕೆಂಪಾಗ್ಲಿ."

ಅವನ ಕಿವಿಯೂ ಕೆಂಪಾದದ್ದನ್ನು ಅವಳು ನೋಡಿದಳು.

ಬಲೆ ದಡಕ್ಕೆ ಬಂತು. ಬಂಗುಡೆ ಮೀನು ಬೆಳ್ಳಗೆ ಕುಣಿಯಿತು. ಪಾಲು ಹಾಕುವ ಹಿರಿಯ ಶನಿಯಾರ ಮನೆಗೊಂದು ರಾಶಿ ಮಾಡತೊಡಗಿದ. ಹಗ್ಗ ಮುಟ್ಟಿದವರು ಪರವೂರಿನವರಾದರೂ ಪಾಲುಂಟು ಎಂಬುದು ಆ ದಡದ ಪದ್ಧತಿ. ಆದರೆ ಅದು ಯಾವುದಾದರೂ ಮನೆಯ ರಾಶಿಗೇ ಬೀಳಬೇಕು. ಆ ಮನೆಯವರು 'ನಮ್ಮವರು' ಅನ್ನಬೇಕು.

"ಈ ಹೆಣ್ಣಿನ ಪಾಲು ಯಾರ ಮನೆಗಾ?"

ಎಲ್ಲರೂ ನರೇಶನನ್ನೇ ನೋಡಿದರು.

"ಅವ್ರು ಮೀನು ತಿನ್ನೂದಿಲ್ಲ. ಬಿಡಿ."

ಅತಿಥಿಯನ್ನು ಮುಜುಗರದಿಂದ ಪಾರು ಮಾಡಿದೆ ಎಂದುಕೊಂಡ. ಅವಳು ಸೊಂಟದ ದುಪಟ್ಟಾ ಬಿಚ್ಚತೊಡಗಿದಳು. ಗಂಟು ಬಿಡಲಿಲ್ಲ.

"ತಿನ್ನೂದಿಲ್ಲ ನಿಜ," ಎಂದಳು ಅವನಿಗಷ್ಟೇ ಕೇಳುವಂತೆ. "ಬೇಡ ಅಂತ ನಾನು ಹೇಳಿದ್ನಾ?"

ಶನಿಯಾರ ಮುಂದಿನ ರಾಶಿಗೆ ಹೋಗಿಯಾಗಿತ್ತು. ನರೇಶ ಮರಳು ತುಳಿದುಕೊಂಡು ಅವನ ಹಿಂದೆ ಓಡಿದ.

"ಶನಿಯಾರಣ್ಣ, ನಮ್ಮನೆ ರಾಶಿಗೆ ಹಾಕಿ. ನಮ್ಮವಳು."

"ಗಟ್ಟಿ ಹೇಳು. ಆಚೆ ಹಗ್ಗದವ್ರಿಗೂ ಕೇಳ್ಲಿ."

ಅವನು ಗಟ್ಟಿಯಾಗಿ ಹೇಳಿದ. ಆಚೆ ಹಗ್ಗದ ಹೆಂಗಸರು ನಕ್ಕರು. ಲಕ್ಕಿ ಮಗನನ್ನು ನೋಡಿದಳು, ಹುಡುಗಿಯನ್ನು ನೋಡಿದಳು.

"ಪಾಲು ತರ್ತದೆ, ತಿನ್ನೂದಿಲ್ಲ. ಇಂಥ ಸೊಸೆ ಬೇರೆ ಯಾರಿಗೆ ಸಿಕ್ತದೆ?" ಎಂದು ಬುಟ್ಟಿ ತರಲು ಹೊರಟಳು.

ನರೇಶ ಪ್ರಿಯಂವದಾಳ ಎದುರು ಬಂದು ನಿಂತ. "ಮೊದ್ಲು ನಿಮ್ಮನ್ನ ಕೇಳ್ಬೇಕಿತ್ತು."

"ಈಗ ಕೇಳಿ."

"ನಿಮ್ಗೆ ಒಪ್ಗೆಯಾ?"

"ನಂಗೆ ಯಾವತ್ತೋ. ನಮ್ಮಪ್ಪನ ಹತ್ರ ಮಾತ್ರ ಸುಲಭ ಇಲ್ಲ, ನರೇಶ. ವರ್ಷ ಹಿಡೀಬಹುದು."

"ಕುಮಟೆಗೆ ಬಂದು ನಾನೇ ಮಾತಾಡ್ತೆ."

"ಬನ್ನಿ. ಪಕ್ಕದಲ್ಲೇ ಕೂತಿರ್ತೇನೆ."

ಲಕ್ಕಿ ತಂದ ಬುಟ್ಟಿ ತುಂಬಿತು. ನರೇಶ ಬುಟ್ಟಿಯ ಒಂದು ಕಿವಿ ಹಿಡಿದ. ಪ್ರಿಯಂವದಾ ಇನ್ನೊಂದನ್ನು ಹಿಡಿದಳು. ವಾಸನೆಗೆ ಅವಳ ಮೂಗು ಸುಕ್ಕಾಯಿತು. ಕೈ ಬಿಡಲಿಲ್ಲ.