ಮುಕ್ತಾಯದ ಪೆಟ್ಟು

ಟಣ್...

ಒಂದೇ ಪೆಟ್ಟು. ಅಷ್ಟೇ.

ಪ್ರತಿಭಾ ಹಾಸಿಗೆಯಲ್ಲೇ ಉಸಿರು ಬಿಗಿಹಿಡಿದಳು. ಗೋಡೆಯ ಮೊಳೆಗೆ ತೂಗುಹಾಕಿದ್ದ ಅಪ್ಪನ ದಮ್ಮಡಿ ಮತ್ತೆ ನುಡಿದಿತ್ತು!

ಗುಡ್ನಾಪುರದ ಭಜನಾ ಮೇಳದಲ್ಲಿ ಅಪ್ಪ ಮಡಿವಾಳಪ್ಪ ಮೂವತ್ತು ವರ್ಷ ಬಾರಿಸಿದ ದುಂಡನೆಯ ಚರ್ಮವಾದ್ಯ ಅದು. ಅಪ್ಪ ಹೋಗಿ ಏಳು ತಿಂಗಳಾಗಿತ್ತು. ಅಂದಿನಿಂದ ಯಾರೂ ಅದನ್ನು ಕೆಂಡಕ್ಕೆ ಹಿಡಿದಿರಲಿಲ್ಲ. ಕಾಯಿಸದ ಚರ್ಮ ಸಡಿಲಾಗಿ 'ಡಬ್' ಎನ್ನಬೇಕು. 'ಟಣ್' ಎನ್ನುವುದು ಹೇಗೆ?

"ಅವ್ವಾ... ಕೇಳಿಸ್ತೇನು?"

ಕತ್ತಲಲ್ಲಿ ಕಲ್ಲವ್ವ ಆಗಲೇ ಎದ್ದು ಕುಳಿತಿದ್ದಳು.

"ಕೇಳದೇನು? ನಿಮ್ಮಪ್ಪಂದು ಎಲ್ಲೋ ಏನೋ ಅರ್ಧಕ್ಕ ಉಳದೈತಿ. ಅವಗೂ ನಿದ್ದಿಲ್ಲ, ನನಗೂ ನಿದ್ದಿಲ್ಲ. ಬರೂ ಸೋಮವಾರ ಅದನ್ನ ಕೆರಿಗೆ ಬಿಟ್ಟು ಬರ್ತೀನಿ."

"ಬ್ಯಾಡವ್ವಾ! ಅಪ್ಪನ್ನ ನೆನಸಾಕ ಉಳದದ್ದು ಅದೊಂದೇ."

ಪ್ರತಿಭಾ ಮೊಬೈಲ್ ನೋಡಿದಳು. ಹನ್ನೊಂದು ನಲವತ್ತೆರಡು. ಎಂದಿನಂತೆ ತಾರೀಖು, ವೇಳೆ ಬರೆದಿಟ್ಟಳು. ಇದು ಒಂಬತ್ತನೆಯ ಸಲ.

ಮರುದಿನ ತಾನು ಕೆಲಸ ಮಾಡುವ ಶಿರಸಿಯ ಮುದ್ರಣಾಲಯದಲ್ಲಿ ಕುಳಿತು ಯಾರದೋ ಮದುವೆ ಕಾಗದದ ಕರಡು ತಿದ್ದುತ್ತಿದ್ದಳು. ಮೇಲಿನ ಮಹಡಿಗೆ ಆ ವಾರವಷ್ಟೇ ಡಾನ್ಸ್ ಕ್ಲಾಸ್ ಬಂದಿತ್ತು. ಇದ್ದಕ್ಕಿದ್ದಂತೆ ಅಲ್ಲಿಂದ ದಮ್ಮಡಿಯ ಸದ್ದು ಕೇಳಿತು.

ಅದೇ ನಾಲ್ಕು ಸುತ್ತು. ಮತ್ತೆ ಅದೇ. ಮತ್ತೆ... ಮತ್ತೆ...

ಕಿರುಬೆರಳು ಕೂದಲೆಳೆಯಷ್ಟು ತಡವಾಗಿ ಬೀಳುವ ಆ ರೀತಿ! ಕೆಂಪು ಪೆನ್ನು ಕೈಯಿಂದ ಜಾರಿತು. ಅವಳು ಮೆಟ್ಟಿಲು ಹತ್ತಿ ಓಡಿದಳು.

"ನಿಲ್ಲಿಸ್ರಿ ಅದನ್ನ!"

ಕೈ ಮೇಲೆ ತಲೆಕೆಳಗಾಗಿ ನಿಂತಿದ್ದ ಹುಡುಗಿ ದೊಪ್ಪನೆ ಬಿದ್ದಳು. ಲ್ಯಾಪ್‌ಟಾಪ್ ಮುಂದಿದ್ದವನು ತಲೆ ಎತ್ತಿದ. ಕ್ಲಾಸಿಗೆ ಸಂಗೀತ ಜೋಡಿಸಿಕೊಡುವ ವಿಘ್ನೇಶ್ವರ, ಹೆಗಡೆಕಟ್ಟಾದವನು.

"ಎಂತಾ ಆಯ್ತು ಮೇಡಂ? ಸೌಂಡ್ ಜಾಸ್ತಿ ಆಯ್ತಾ?"

"ಅದು ನಮ್ಮಪ್ಪನ ಕೈ! ಸತ್ತವರ ತಾಳಕ್ಕ ಕುಣೀತೀರೇನು? ಯಾರನ್ನ ಕೇಳಿ ಕದ್ರಿ?"

"ಡೀಜೆ ವಿಘ್ನಾ, ಇವತ್ತು ನಿಂಗೇ ವಿಘ್ನ ಬಂತಲಾ!" ಎಂದು ಬಿದ್ದವಳು ನಕ್ಕಳು.

ಅವನು ನಗಲಿಲ್ಲ. ಅವನ ಮುಖ ಬಿಳಚಿಕೊಂಡಿತ್ತು. "ಮಡಿವಾಳಪ್ಪಣ್ಣ... ತೀರ್ಕಂಡ್ರಾ? ನಂಗೆ ಗೊತ್ತೇ ಇರ್ಲಿಲ್ಲ. ಕದ್ದಿದ್ದಲ್ಲ ಇದು. ಎರಡು ವರ್ಷದ ಹಿಂದೆ ನಿಮ್ಮ ಮನೆ ಭಜನೆಗೆ ಬಂದಾಗ ಫೋನಲ್ಲಿ ರೆಕಾರ್ಡ್ ಮಾಡ್ಲಾ ಅಂತ ಕೇಳಿದ್ದೆ. 'ತಗೋ ತಮ್ಮಾ, ನನ್ನ ಕೈ ಪ್ಯಾಟಿ ನೋಡ್ಲಿ' ಅಂದಿದ್ರು."

ಹೌದು, ಅಪ್ಪ ಹಾಗೇ ಮಾತಾಡುತ್ತಿದ್ದ. ಅವಳ ಸಿಟ್ಟು ಅರ್ಧಕ್ಕೇ ನಿಂತಿತು.

"ಆದರ ಇಷ್ಟೇ ಯಾಕ? ಒಂದು ತುಂಡನ್ನ ಗಾಣದ ಎತ್ತಿನಂಗ ತಿರುಗಿಸ್ತೀರಲ್ಲ?"

"ಹಾಡೋರು ಉಸಿರು ತಗೊಳ್ವಾಗ ತಾಳ ಒಂದೇ ಉಳೀತದಲ್ಲ, ಅದಕ್ಕೆ ಬ್ರೇಕ್ ಅಂತಾರೆ. ಹಿಂದೆ ನ್ಯೂಯಾರ್ಕಲ್ಲಿ ಒಂದೇ ಹಾಡಿನ ಎರಡು ರೆಕಾರ್ಡ್ ಇಟ್ಕಂಡು, ಇದರಲ್ಲಿ ಆ ತುಂಡು ಮುಗಿಯೋದ್ರೊಳಗೆ ಅದರಲ್ಲಿ ಶುರು ಮಾಡ್ತಿದ್ರು. ಕುಣಿಯೋರಿಗೆ ಅದೇ ಬೇಕಿತ್ತು. ಹಿಪ್‌ಹಾಪ್ ಹುಟ್ಟಿದ್ದೇ ಅಲ್ಲಿ. ಆಮೇಲೆ ಲಂಡನ್ನಿನವರು ಅದರ ವೇಗ ಏರಿಸಿ ಏರಿಸಿ ಎಲೆಕ್ಟ್ರಾನಿಕ್ ಕುಣಿತಕ್ಕೆ ತಂದ್ರು."

"ಮುಕ್ತಾಯದ ಪೆಟ್ಟು ಎಲ್ಲೈತಿ?"

"ಎಂತದು?"

"ಕೊನೀ ಪೆಟ್ಟು. ಊಟಕ್ಕ ಕರದ್ರೂ ಅಪ್ಪ ಅದನ್ನ ಹೊಡೀದ ದಮ್ಮಡಿ ಕೆಳಗ ಇಡ್ತಿರಲಿಲ್ಲ."

"ಅಷ್ಟರೊಳಗೆ ಫೋನಿನ ಚಾರ್ಜ್ ಮುಗೀತು. ಅದು ನನ್ನತ್ರ ಇಲ್ಲ."

ಏನೋ ಅರ್ಧಕ್ಕೆ ಉಳಿದಿದೆ ಎಂದ ಅವ್ವನ ಮಾತು ಅವಳಿಗೆ ನೆನಪಾಯಿತು.

"ನಿನ್ನೆ ರಾತ್ರಿ ಇದನ್ನ ಹಾಕಿದ್ರೇನು? ಎಷ್ಟಕ್ಕ ನಿಲ್ಲಿಸಿದ್ರಿ?"

ಅವನು ಲ್ಯಾಪ್‌ಟಾಪಿನಲ್ಲಿ ದಾಖಲಾಗಿದ್ದ ವೇಳೆ ನೋಡಿದ. "ಹನ್ನೊಂದು ನಲವತ್ತೆರಡು."

ಮನೆಯ ದಮ್ಮಡಿ ತಾನೇ ನುಡಿಯುವ ಸಂಗತಿ ಹೇಳಿ, ಅವಳು ಮೊಬೈಲ್ ತೆಗೆದು ಒಂದೊಂದೇ ವೇಳೆ ಓದಿದಳು. ಒಂಬತ್ತಕ್ಕೆ ಒಂಬತ್ತೂ ಕೂಡಿದವು! ಅವನು ತನ್ನ ಲ್ಯಾಪ್‌ಟಾಪಿನಲ್ಲಿ ತಾಳವನ್ನು ಅರ್ಧಕ್ಕೆ ನಿಲ್ಲಿಸಿದಾಗಲೆಲ್ಲ ಅಲ್ಲಿ ಗೋಡೆಯ ಮೇಲೆ ಒಂದು ಪೆಟ್ಟು ಬಿದ್ದಿತ್ತು...

"ನೀವೇ ರಾತ್ರಿ ಬಂದು ನಮ್ಮವ್ವನ್ನ ಹೆದರಸ್ತೀರೇನು?"

ಕೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಒಬ್ಬನೇ ಮನುಷ್ಯ ಎರಡು ಕಡೆ ಇರುವುದುಂಟೇ? ಅವನು ಲ್ಯಾಪ್‌ಟಾಪ್ ಮುಚ್ಚಿ ಹಿಂದೆ ಸರಿದಿದ್ದ.

"ಅಳಿಸಿಬಿಡ್ರಿ" ಎಂದಷ್ಟೇ ಹೇಳಿ ಕೆಳಗಿಳಿದಳು.

ಆ ರಾತ್ರಿ ದಮ್ಮಡಿ ನುಡಿಯಲಿಲ್ಲ. ಮಾರನೆಯ ರಾತ್ರಿಯೂ ಇಲ್ಲ. ಆ ಮೌನ ಇನ್ನೂ ಕೆಟ್ಟದಾಗಿತ್ತು. ಅಳಿಸಿಯೇಬಿಟ್ಟನೇ? ನಾನೇ ಹೇಳಿ ಅಪ್ಪನನ್ನು ಎರಡನೆಯ ಸಲ ಕಳೆದುಕೊಂಡೆನೇ? ಕಲ್ಲವ್ವನೂ ಮಲಗಲಿಲ್ಲ. ಗೋಡೆ ನೋಡುತ್ತ ಕಾಯುತ್ತಿದ್ದಳು.

ಭಾನುವಾರ ಮಧ್ಯಾಹ್ನ ಬಾಗಿಲ ಮುಂದೆ ಬೈಕ್ ನಿಂತಿತು.

"ಬೈಬೇಡಿ. ಅಳಿಸ್ಲಿಲ್ಲ, ಹಾಕ್ಲೂ ಇಲ್ಲ" ಎಂದ ವಿಘ್ನೇಶ್ವರ. "ಒಂದ್ಸಲ ಇದನ್ನ ಕೇಳಿ. ಆಮೇಲೆ ನೀವೇ ಅಳಿಸಿ."

ಹೆಡ್‌ಫೋನ್ ಕಿವಿಗಿಟ್ಟುಕೊಂಡಳು. ಅಪ್ಪನ ತಾಳ. ಅದರ ಅಡಿಯಲ್ಲಿ... ಇನ್ನೇನೋ ಇತ್ತು! ಮರದ ಮೇಲೆ ಮೆಲ್ಲಗೆ, ಬಲು ಮೆಲ್ಲಗೆ ಬೀಳುವ ಬೆರಳು.

"ಯಾರದು?"

"ನಿಮ್ಮದು. ಅವತ್ತು ಆ ಕಂಬಕ್ಕೆ ಒರಗಿ ನೀವೂ ತಾಳ ಹಾಕ್ತಾ ಇದ್ರಿ. ಅಷ್ಟು ಹೊತ್ತಿನ ಭಜನೆಲಿ ಈ ತುಂಡನ್ನೇ ಎಂತಕ್ಕೆ ಕತ್ತರಿಸಿದೆ ಅಂದ್ಕಂಡ್ರಿ? ಆನು... ನಾನು ಎರಡು ವರ್ಷದಿಂದ ಕೇಳ್ತಾ ಇದ್ದದ್ದು ಈ ಬೆರಳನ್ನ. ನಿಮ್ಮ ಹೆಸರೂ ಗೊತ್ತಿರ್ಲಿಲ್ಲ."

"ಅವತ್ತೇ ಕೇಳಬೇಕಿತ್ತಲ್ಲ?"

"ನೀವು ಒಂದ್ಸಲನೂ ತಲೆ ಎತ್ತಿ ನೋಡ್ಲಿಲ್ಲ ಮಾರಾಯ್ರೆ!"

ಅವಳಿಗೆ ಏಳು ತಿಂಗಳಲ್ಲಿ ಮೊದಲ ಸಲ ನಗು ಬಂತು. ಕಣ್ಣೂ ತುಂಬಿತು.

"ಮುಕ್ತಾಯ ನಿಮಗೆ ಬರ್ತದಲ್ಲ? ನೀವೇ ಹೊಡೀರಿ. ನಾನು ತಾಳ ಹಾಕ್ತೆ."

ಅವಳು ಮೊಳೆಯಿಂದ ದಮ್ಮಡಿ ಇಳಿಸಿದಳು. ಚರ್ಮ ಮುಟ್ಟಿದವಳೇ ಬೆಚ್ಚಿದಳು. ಯಾರೂ ಕಾಯಿಸಿರಲಿಲ್ಲ... ಆದರೂ ಅದು ಬೆಚ್ಚಗಿತ್ತು!

ಲ್ಯಾಪ್‌ಟಾಪಿನಿಂದ ಅಪ್ಪನ ತಾಳ ಹೊರಟಿತು. ಒಂದು ಸುತ್ತು, ಎರಡು, ಮೂರು... ನಾಲ್ಕನೆಯದಕ್ಕೆ ಅವಳು ಕೈ ಎತ್ತಿದಳು. ಅವನು ಸದ್ದು ನಿಲ್ಲಿಸಿದ.

ಟಣ್!

ಅವಳ ಕೈ ಇನ್ನೂ ಗಾಳಿಯಲ್ಲೇ ಇತ್ತು.

ಎತ್ತಿದ ಆ ಕೈಯನ್ನು ಅವನೂ ನೋಡುತ್ತಿದ್ದ. ಇಬ್ಬರೂ ಕದಲಲಿಲ್ಲ.

ಒಳಗಿನಿಂದ ಕಲ್ಲವ್ವ ಸೆರಗಿನಲ್ಲಿ ಕಣ್ಣೊರೆಸುತ್ತ ಬಂದಳು. "ಹಿಂಗೇ ಹೊಡೀತಿದ್ದ ನೋಡು ನಿಮ್ಮಪ್ಪ! ಯಾವಾಗ ಕಲ್ತಿ ನೀನು? ಎದಿ ಹಗುರಾತು ನನ್ನವ್ವಾ. ಕೆರಿಗೆ ಬಿಡೂದು ಬ್ಯಾಡ, ಇನ್ನ ನೀನೇ ಬಾರಿಸು. ಕುಂದರ್ರಿ ತಮ್ಮಾ, ಚಾ ಇಡ್ತೀನಿ."

"ಅಮ್ಮಾ, ಅದು ಇವರು ಹೊಡೆದದ್ದಲ್ಲ..."

ಪ್ರತಿಭಾ ಅವನ ಮಣಿಕಟ್ಟು ಹಿಡಿದು ಒತ್ತಿದಳು.

"ಹೂಂ ಅವ್ವಾ. ನಾನೇ ಹೊಡದೆ."

ಕಲ್ಲವ್ವ ಒಳಗೆ ಹೋದ ಮೇಲೆ ಅವನು ಪಿಸುಗುಟ್ಟಿದ. "ಎಂತಕ್ಕೆ ಸುಳ್ಳು ಹೇಳಿದ್ರಿ?"

"ಅವ್ವ ಇವತ್ತಾದ್ರೂ ಮಲಗಲಿ. ಯಾರಿಗೂ ಹೇಳಬ್ಯಾಡ್ರಿ. ಎಂದೂ."

"ಹೇಳೋದಿಲ್ಲ. ಆದ್ರೆ... ಇನ್ಮುಂದೆ ಇದರ ಮಾತಾಡೋಕೆ ನಂಗೆ ನೀವೊಬ್ರೇ. ನಿಮಗೆ ನಾನೊಬ್ನೇ."

"ಗೊತ್ತೈತಿ" ಎಂದಳು ಪ್ರತಿಭಾ. ಹಿಡಿದ ಕೈಯನ್ನು ಬಿಡಲಿಲ್ಲ.