ಕೈಗೆ ಬರುವ ಸಂಬಳ

ಆ ಹುಡುಗ ಮುಕ್ಕಾಲು ಗಂಟೆಯಿಂದ ಗಂಗಾವತಿಯ ತೆರಿಗೆ ಸಲಹೆಗಾರರ ಕಚೇರಿಯಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೇ ಇದ್ದ. ಏನು ಬೇಕಿತ್ತೆಂದು ಅಲ್ಲಿ ಲೆಕ್ಕ ಬರೆಯುವ ಅಮೃತಾ ಎರಡು ಸಲ ಕೇಳಿದ್ದಳು. ಸಾಹೇಬರು ಬರಲಿ ಎಂದು ಎರಡು ಸಲವೂ ಅಂದಿದ್ದ.

"ಸಾಹೇಬ್ರು ಹೊಸಪೇಟಿಗೆ ಹೋಗ್ಯಾರ್ರಿ, ನಾಳೆ ಬರ್ತಾರ," ಅಂದಳು ಕೊನೆಗೆ. "ಪಗಾರದ ಲೆಕ್ಕ ಆದ್ರ ಇಲ್ಲಿ ನಾನೇ ಮಾಡಾಕಿ."

ಅವನ ಕಿವಿ ಕೆಂಪಾದವು. ಎದ್ದು ಬಂದು, ಮಡಚಿ ಮಡಚಿ ಮೆತ್ತಗಾಗಿದ್ದ ಆಫರ್ ಲೆಟರನ್ನು ಅವಳ ಮುಂದೆ ಇಟ್ಟ. ಹೆಸರು ಪ್ರಭುರಾಜ, ಊರು ಯಲಬುರ್ಗಾ. ಗಿಣಿಗೇರಿ ಕಡೆಯ ಒಂದು ಕಾರ್ಖಾನೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ಕೆಲಸ. ವರ್ಷಕ್ಕೆ ಏಳು ಲಕ್ಷ ಇಪ್ಪತ್ತು ಸಾವಿರ. ತಿಂಗಳಿಗೆ ಅರವತ್ತು ಸಾವಿರ ಬರುತ್ತದೆಂದು ಅವ್ವನಿಗೆ ಹೇಳಿಯಾಗಿತ್ತಂತೆ.

ಅಮೃತಾ ಬಿಳಿ ಹಾಳೆ ತೆಗೆದುಕೊಂಡು ಒಂದೊಂದೇ ಕಳೆಯತೊಡಗಿದಳು. ವರ್ಷದ ಕೊನೆಗೆ ಕೊಡುವ ಬೋನಸ್ ಮೊದಲು ಹೋಯಿತು. ಪಿಎಫ್‌ಗೆ ಅವನ ಪಾಲು ಹೋಯಿತು. ಕಂಪನಿ ಕಟ್ಟುವ ಪಾಲನ್ನೂ ಅದೇ ಅರವತ್ತರೊಳಗೆ ಸೇರಿಸಿದ್ದರು, ಅದೂ ಹೋಯಿತು. ಗ್ರಾಚ್ಯುಟಿ, ವಿಮೆ, ಇನ್ನೂರು ರೂಪಾಯಿ ವೃತ್ತಿ ತೆರಿಗೆ. ಹೊಸ ಪದ್ಧತಿಯಲ್ಲಿ ಈ ಸಂಬಳಕ್ಕೆ ಆದಾಯ ತೆರಿಗೆಯೇನೂ ಬೀಳುವುದಿಲ್ಲವೆಂದು ಸಮಾಧಾನ ಹೇಳಿದಳು.

"ಇನ್ನೆರಡು ಸಾಲು ಬರದ್ರ ನಾನೇ ಕಂಪನಿಗೆ ರೊಕ್ಕ ಕೊಡಬೇಕಾಗ್ತೈತ್ರಿ," ಅಂದ ಅವನು.

ಅವಳಿಗೆ ನಗು ತಡೆಯಲಾಗಲಿಲ್ಲ. ಪೆನ್ನನ್ನು ಗಲ್ಲಕ್ಕೊತ್ತಿಕೊಂಡು ನಗುತ್ತಿದ್ದವಳು ತಲೆಯೆತ್ತಿದಾಗ ಅವನು ಹಾಳೆಯನ್ನು ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದ. ಕೈಗೆ ಬರುವುದು ನಲವತ್ತನಾಲ್ಕು ಸಾವಿರದ ಆರು ನೂರು ಚಿಲ್ಲರೆ ಎಂದು ಬರೆದು, ಅಗತ್ಯಕ್ಕಿಂತ ಎರಡು ಸಲ ಹೆಚ್ಚೇ ಅಡಿಗೆರೆ ಎಳೆದಳು.

ಮೊದಲ ಪಗಾರ ಬಂದ ದಿನ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. ಅವಳ ಲೆಕ್ಕ ಹನ್ನೆರಡು ರೂಪಾಯಿ ತಪ್ಪಿದೆಯೆಂದು ದೂರು ಹೇಳಲು ಬಂದವನು ಸಂಜೆ ಕಚೇರಿ ಮುಚ್ಚುವವರೆಗೂ ಹೋಗಲಿಲ್ಲ. ಆಮೇಲೆ ಯಾವ ನೆಪವೂ ಬೇಕಾಗಲಿಲ್ಲ. ಅಮೃತಾ ವಾರವೆಲ್ಲ ಸೋದರತ್ತೆ ಹುಲಗೆಮ್ಮನ ಮನೆಯಲ್ಲಿದ್ದು ಶನಿವಾರ ಕುಷ್ಟಗಿಯ ಅಪ್ಪನ ಮನೆಗೆ ಹೋಗುವವಳು. ಒಂದು ಶನಿವಾರ ಮಧ್ಯಾಹ್ನದ ಬಸ್ಸು ಬಿಟ್ಟು, ಅವನ ಬೈಕಿನಲ್ಲಿ ಆನೆಗೊಂದಿಗೆ ಹೋದಳು.

ಹೊಳೆ ದಂಡೆಯ ಬಂಡೆಯ ಮೇಲೆ ಕೂತು ಅವನು ಇನ್ನೊಂದು ಲೆಕ್ಕ ಕೇಳಿದ. ಕೊಪ್ಪಳದಲ್ಲಿ ಎರಡು ಕೋಣೆಯ ಮನೆ ಬಾಡಿಗೆ, ಅವ್ವನಿಗೆ ಕಳಿಸುವುದು, ದಿನಸಿ, ಪೆಟ್ರೋಲು ಎಲ್ಲ ಹೋಗಿ, ಉಳಿದದ್ದು ಇಬ್ಬರಿಗೆ ಸಾಕಾಗುತ್ತದೆಯೇ ಎಂದ. ಎರಡನೆಯವರು ಯಾರು, ಅವರು ಎಷ್ಟು ಉಣ್ಣುತ್ತಾರೆ ತಿಳಿಯದೆ ಹೇಗೆ ಹೇಳಲಿ ಎಂದು ಅವಳು ಕಾಡಿದಳು. ಅವನು ನೀರಿಗೆ ಕಲ್ಲೆಸೆಯುತ್ತ ಕೂತ. ಅವನ ಕೊರಳು ಬೆವರಿದ್ದನ್ನು ನೋಡಿ ಅವಳಿಗೆ ಪಾಪ ಅನ್ನಿಸಿತು.

"ಸಾಕಾಗ್ತೈತ್ರಿ," ಅಂದಳು ಮೆಲ್ಲಗೆ. "ನನ್ನ ಪಗಾರನೂ ಕೂಡಿಸ್ರಿ."

ಹುಲಗೆಮ್ಮ ಮುಂದೆ ನಿಂತು ಸಂಬಂಧ ತಂದಳು. ಹುಡುಗ ಹುಡುಗಿಗೆ ಪರಿಚಯವಿದೆ ಅನ್ನುವುದನ್ನು ಮೂವರೂ ಬಚ್ಚಿಟ್ಟರು. ನಿಮ್ಮಪ್ಪ ಪಗಾರ ಕೇಳಿದರೆ ಏನು ಹೇಳಲಿ ಎಂದು ಪ್ರಭುರಾಜ ಹೆಣ್ಣು ನೋಡಲು ಬರುವ ಹಿಂದಿನ ದಿನ ಫೋನಿನಲ್ಲಿ ಕೇಳಿದ. ಕೈಗೆ ಬರುವುದನ್ನೇ ಹೇಳಿರಿ ಎಂದವಳು ಅಮೃತಾಳೇ.

ಅವಳ ಅಪ್ಪ ದೊಡ್ಡಬಸಪ್ಪನಿಗೆ ಕುಷ್ಟಗಿಯಲ್ಲಿ ಗೊಬ್ಬರ, ಬೀಜದ ಅಂಗಡಿ. ಉಪ್ಪಿಟ್ಟು, ಚಹಾ ಮುಗಿದ ಮೇಲೆ ಪಗಾರ ವಿಚಾರಿಸಿದ. ಪ್ರಭುರಾಜ ನಲವತ್ತನಾಲ್ಕು ಅಂದ. ದೊಡ್ಡಬಸಪ್ಪ ಎಲ್ಲರೆದುರೇ, ಹೋದ ವಾರ ಹುಡುಗಿಯನ್ನು ನೋಡಿ ಹೋಗಿದ್ದ ಹುಬ್ಬಳ್ಳಿಯ ಸುಭಾಷನಿಗೆ ಎಪ್ಪತ್ತು ಇದೆಯಂತೆ ಎಂದ.

ಆ ಎಪ್ಪತ್ತು ಕಾಗದದ ಮೇಲಿನ ಎಪ್ಪತ್ತು. ಆ ಲೆಕ್ಕದಲ್ಲಿ ಹೇಳಿದರೆ ಪ್ರಭುರಾಜನದೂ ಅರವತ್ತೇ. ಈಗ ಅವನೇ ಹಾಗೆಂದರೆ ಮಾತು ಬದಲಿಸಿದಂತೆ ಕಾಣುತ್ತಿತ್ತು; ಆ ಪಡಸಾಲೆಯಲ್ಲಿ ಇದನ್ನು ಬಿಡಿಸಿ ಹೇಳಬಲ್ಲವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವಳೊಬ್ಬಳೇ. ಆದರೆ ಬಾಯಿ ತೆರೆದರೆ ಅವನ ಪಗಾರ ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತಿತ್ತು. ಪ್ರಭುರಾಜ ಒಮ್ಮೆ ಅವಳತ್ತ ನೋಡಿದ. ಅಮೃತಾ ಟ್ರೇ ಎತ್ತಿಕೊಂಡು ಒಳಗೆ ಹೋದಳು.

ನಾಲ್ಕು ದಿನಕ್ಕೆ ಅಪ್ಪ ಆಗುವುದಿಲ್ಲವೆಂದು ಹೇಳಿ ಕಳಿಸಿದ. ಪ್ರಭುರಾಜ ಒಂದು ವಾರ ಫೋನು ಮಾಡಿದ. ಏನು ಹೇಳಬೇಕೋ ತಿಳಿಯದೆ ಅವಳು ಎತ್ತಲಿಲ್ಲ. ಆಮೇಲೆ ಫೋನು ಬರುವುದು ನಿಂತಿತು.

ಮೂರು ತಿಂಗಳ ಮೇಲೆ ಸುಭಾಷನ ಮನೆಯವರು ನಿಶ್ಚಯಕ್ಕೆ ದಿನ ಕೇಳಿದರು. ಅವತ್ತು ಬೆಳಿಗ್ಗೆ ಅಮೃತಾ ಅಂಗಡಿಗೆ ಹೋಗಿ, ಗೊಬ್ಬರದ ಚೀಲಗಳ ನಡುವೆ ನಿಂತು, ಮೊದಲ ದಿನದ ಲೆಕ್ಕದಿಂದ ಆನೆಗೊಂದಿಯವರೆಗೆ ಎಲ್ಲ ಹೇಳಿದಳು. ಬೈಗುಳಕ್ಕೆ ಗಟ್ಟಿಯಾಗಿ ನಿಂತಿದ್ದಳು. ದೊಡ್ಡಬಸಪ್ಪ ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೂತ.

"ಅವತ್ತೇ ಹೇಳಿದ್ರ ನಾ ಒಲ್ಲೆ ಅಂತಿದ್ನೇನವ್ವಾ?" ಅಂದ.

ಬೈದಿದ್ದರೆ ಚೆನ್ನಾಗಿತ್ತು. ಅವನೇ ಯಲಬುರ್ಗಾಕ್ಕೆ ಫೋನು ಹಚ್ಚಿದ. ಪ್ರಭುರಾಜನಿಗೆ ಹಿಂದಿನ ಗುರುವಾರ ನಿಶ್ಚಯವಾಗಿತ್ತು. ಹುಡುಗಿ ಮಲ್ಲೇಶ್ವರಿ, ಅದೇ ಊರಿನ ಸಾಲಿ ಮಾಸ್ತರರ ಮಗಳು.

ಶನಿವಾರ ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಅವನೇ ಎದುರಾದ, ಕಾರ್ಖಾನೆಯ ಬಟ್ಟೆಯಲ್ಲೇ. ಅವಳಪ್ಪ ಫೋನು ಮಾಡಿದ ಸುದ್ದಿ ತಿಳಿದು ಓಡಿ ಬಂದಿದ್ದ. ನಿಶ್ಚಯ ಮುರಿದುಬಿಡುತ್ತೇನೆ, ಅವ್ವನನ್ನು ಒಪ್ಪಿಸುತ್ತೇನೆ ಎಂದ. ಅವನ ಕಣ್ಣು ನಿದ್ದೆಗೆಟ್ಟಂತಿದ್ದವು. ಹೂಂ ಅನ್ನುವುದು ಎಷ್ಟು ಸುಲಭವಿತ್ತು. ಆದರೆ ತಾನು ಕಂಡಿರದ ಆ ಮಲ್ಲೇಶ್ವರಿ ಅವಳಿಗೆ ನೆನಪಾದಳು.

"ಅಕಿ ಏನ್ ತಪ್ಪು ಮಾಡ್ಯಾಳ್ರಿ?" ಅಂದಳು. "ಮಾತಾಡಬೇಕಾದಾಗ ಬಾಯಿ ಮುಚ್ಚಿಕೊಂಡು ನಿಂತಾಕಿ ನಾನು."

ಕುಷ್ಟಗಿ ಬಸ್ಸು ಬಂದು ನಿಂತಿತು, ಜನ ನುಗ್ಗಿದರು.

"ನೀವಂದ್ರ ನನಗ ಜೀವ ಇತ್ರಿ," ಅಂದಳು ಅಮೃತಾ. "ಇದನ್ನರ ಹೇಳಿ ಹೋಗ್ತೀನಿ."

ಹತ್ತಿ ಕಿಟಕಿ ಪಕ್ಕ ಕೂತಳು. ಅವನು ಕೆಳಗೆ ನಿಂತು, ಬಸ್ಸು ಅಲುಗುವಾಗ ಕಿಟಕಿಯ ಸರಳು ಹಿಡಿದ.

"ಹುಷಾರಾಗಿ ಹೋಗು, ಅಮೃತಾ."

ಅಷ್ಟು ತಿಂಗಳಲ್ಲಿ ಅವನು ಅವಳನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ. ಊರು ದಾಟುವವರೆಗೂ ಅವಳು ಹಿಂದಿರುಗಿ ನೋಡಲಿಲ್ಲ. ಆಮೇಲೆ ಪಕ್ಕದಲ್ಲಿ ಕೂತಿದ್ದ ಮುದುಕಿ ಏನೂ ಕೇಳದೆ ಕಣ್ಣೊರೆಸಿಕೊಳ್ಳಲು ತನ್ನ ಸೆರಗಿನ ತುದಿಯನ್ನು ಅವಳ ಕೈಗೆ ಕೊಟ್ಟಳು.