ಮೆಂತೆಹಿಟ್ಟಿನ ವೆಬ್‌ಸೈಟು

ಮುಳಗುಂದ ನಾಕಾದಲ್ಲಿ ಶಿವಯೋಗಿ ವೆಬ್‌ಸೈಟು ಕಟ್ಟುವ ಆಫೀಸಿನ ಮೆಟ್ಟಿಲನ್ನು ಹರಿಪ್ರಿಯಾ ಹತ್ತಿ ಬಂದಾಗ ಇಡೀ ಗದಗ-ಬೆಟಗೇರಿಯ ಕರೆಂಟು ಒಮ್ಮೆ ಹೋಗಿ ಬಂತು. ಹೋಗಿರಲಿಲ್ಲ ಅಂತ ಇಲಾಖೆಯವರು ವಾದಿಸಬಹುದು. ಶಿವಯೋಗಿಯ ಕಣ್ಣಿಗಂತೂ ಹೋಯಿತು.

ವೆಬ್‌ಸೈಟು ಕಟ್ಟುವುದರಲ್ಲಿ ಲಕ್ಕುಂಡಿಯ ಈ ಒಕ್ಕಲುತನದ ಮನೆಯ ಹುಡುಗನಿಗೆ ಮುಂಡರಗಿಯಿಂದ ಲಂಡನ್ನಿನ ತನಕ ಸಾಟಿ ಇರಲಿಲ್ಲ. ಬೆಟಗೇರಿಯ ಸೀರೆ ಅಂಗಡಿಗೆ ಅವನು ಕಟ್ಟಿದ ಸೈಟು ತೆರೆದರೆ ಪರದೆಯೊಳಗಿಂದ ರೇಷ್ಮೆಯ ಸಪ್ಪಳ ಕೇಳುತ್ತಿತ್ತು. ಅಂಥವನು ಈಗ ಮೌಸನ್ನು ತಲೆಕೆಳಗಾಗಿ ಹಿಡಿದು ಕೂತಿದ್ದ.

“ಲಕ್ಷ್ಮೇಶ್ವರದಿಂದ ಬಂದೀನ್ರಿ. ನಮ್ಮವ್ವ ಮೆಂತೆಹಿಟ್ಟು, ಚಟ್ನಿಪುಡಿ ಮಾಡಿ ಮಾರ್ತಾಳ. ಯುಗಾದಿ ಆದಮ್ಯಾಲೆ ನನ್ನ ಲಗ್ನ ಅದ. ಅಷ್ಟರಾಗ ಅಕಿ ಒಬ್ಬಾಕಿನ ನಡಸೋ ಹಂಗ ಒಂದು ವೆಬ್‌ಸೈಟ್ ಬೇಕು. ಯಾವ ಪ್ಲಾಟ್‌ಫಾರ್ಮ್ ಛಲೋ?”

ಲಗ್ನ ಅನ್ನುವ ಮಾತು ಶಿವಯೋಗಿಗೆ ಕೇಳಿಸಲೇ ಇಲ್ಲ. ಕಿವಿ ತನಗೆ ಬೇಕಾದಷ್ಟನ್ನೇ ಡೌನ್‌ಲೋಡ್ ಮಾಡಿಕೊಂಡಿತು.

ಒಂದು ಚಹಾ ಕುಡಿಯುವುದರೊಳಗೆ ಕೊಡಬಹುದಾದ ಉತ್ತರವನ್ನು ಅವನು ಸಂಕ್ರಾಂತಿ ದಾಟುವ ತನಕ ಎಳೆದ. ಶನಿವಾರ ಬಂತೆಂದರೆ ಅವಳು ಬಸ್ಸಿಳಿದು ಬರುತ್ತಿದ್ದಳು.

“ವಿಕ್ಸ್ ಅನ್ನೋ ಪ್ಲಾಟ್‌ಫಾರ್ಮ್ ಹೆಂಗದ್ರಿ?”

“ಭಾಳ ಹಗೂರ ಐತ್ರಿ. ಫೋಟೋ, ಅಕ್ಷರ ಎಳದು ಎಳದು ಇಟ್ರ ಆತು. ಆದ್ರ ನಾಳೆ ಬ್ಯಾಡ ಅನಿಸಿದ್ರ ಸೈಟ್ ಹೊತ್ಕೊಂಡು ಬ್ಯಾರೆ ಕಡೆ ಹೋಗಾಕ ಬರಂಗಿಲ್ಲ.”

“ವರ್ಡ್‌ಪ್ರೆಸ್?”

“ಸ್ವಂತ ಮನಿ ಇದ್ದಂಗ. ಆದ್ರ ಅಪ್‌ಡೇಟ್, ಬ್ಯಾಕಪ್ ಅಂತ ಕಸಾ ಹೊಡಕೋತ ಇರಬೇಕು.”

“ಶಾಪಿಫೈ?”

“ಅಂಗಡಿ ಹಚ್ಚೇ ಕೊಡ್ತೈತ್ರಿ. ತಿಂಗಳಾ ತಿಂಗಳಾ ಬಾಡಿಗಿ ಕಟ್ಟಬೇಕು ಅಷ್ಟ.”

“ಹಂಗಾದ್ರ ಯಾವುದು?”

ಶಿವಯೋಗಿ ಕೆಮ್ಮಿದ. “ನಾನ ಕೈಯಾರೆ ಕೋಡ್ ಬರಿತೀನ್ರಿ. ಜಗತ್ತಿನಾಗ ಎಲ್ಲೂ ಇರಬಾರದು, ಅಂಥಾದ್ದು.”

“ಅದರ ಐಬು?”

“ಐಬು ಅಂದ್ರ... ರೇಟ್ ಬದಲಿ ಮಾಡಬೇಕಂದ್ರ, ಒಂದು ಫೋಟೋ ಹಾಕಬೇಕಂದ್ರ, ನನಗ ಫೋನ್ ಮಾಡಬೇಕಾಗ್ತೈತಿ.”

ಅವಳ ರೆಪ್ಪೆ ಮೆಲ್ಲಗೆ ಎದ್ದಿತು. ತುಟಿಯ ಮೂಲೆಗೆ ಒಂದು ನಗು ಬಂದು ಕೂತಿತು. “ಮೆಣಸಿನಕಾಯಿ ರೇಟ್ ದಿನಾ ಏರಿಳಿತದ್ರಿ.”

“ದಿನಾ ಮಾಡ್ರಿ.”

“ಇಷ್ಟು ದೊಡ್ಡ ಐಬನ್ನ ಇಷ್ಟು ಖುಷಿಲೆ ಹೇಳಿದವರನ್ನ ನಾ ನೋಡಿಲ್ಲ.” ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, “ಅದನ್ನ ಮಾಡ್ರಿ,” ಅಂದಳು.

ಆ ದಿನ ಶಿವಯೋಗಿ ನೆಲದಿಂದ ಎರಡಾಳು ಎತ್ತರದಲ್ಲಿ ನಡೆದ. ನಾಕಾದ ಲಾರಿಗಳೆಲ್ಲ ಅವನ ಚಪ್ಪಲಿಯ ಕೆಳಗಿಂದಲೇ ಹಾದುಹೋದವು.

ಮುಂದೆ ಅವಳ ಅವ್ವನಿಗೆ ತೋರಿಸಲೆಂದು ಲ್ಯಾಪ್‌ಟಾಪು ಹೊತ್ತು ಲಕ್ಷ್ಮೇಶ್ವರಕ್ಕೆ ಹೋದ. ಯಮುನಾಬಾಯಿ ಮಡಿಯುಟ್ಟು ಮೆಂತೆಹಿಟ್ಟಿಗೆ ಬೇಳೆ ಹುರಿಯುತ್ತಿದ್ದರು. ಆ ವಾಸನೆಗೆ ಅತ್ತ ಬೆಳ್ಳಟ್ಟಿಯ ಜನ ಹೊತ್ತಿಲ್ಲದ ಹೊತ್ತಿನಲ್ಲಿ ಊಟಕ್ಕೆ ಕೂತರು. ಹರಿಪ್ರಿಯಾ ಪಡಸಾಲೆಯಲ್ಲಿ ಅವನಿಗೆ ಅವಲಕ್ಕಿ, ಚಹಾ ಕೊಟ್ಟಳು.

ತಿಂದ ತಾಟು ಅಲ್ಲೇ ಬಿಟ್ಟು ಏಳಬಾರದೆಂದು ಕಲಿಸಿದ ಮನೆಯಲ್ಲಿ ಬೆಳೆದವನು ಅವನು. ಹರಿಪ್ರಿಯಾ ಕೈಚಾಚಿ ತಡೆಯುವುದರೊಳಗೆ ತಾಟು, ಲೋಟ ಎತ್ತಿಕೊಂಡು ಸೀದಾ ಅಡುಗೆಮನೆಗೆ ನುಗ್ಗಿದ. ಯಮುನಾಬಾಯಿಯ ಸೆರಗಿಗೆ ಮೊಣಕೈ ತಾಗುವಷ್ಟು ಹತ್ತಿರ ನಿಂತು, “ಎಲ್ಲಿ ತೊಳಿಲ್ರಿ, ಅವ್ವಾರ?” ಅಂದ.

ಅವರು ಒಲೆ ಆರಿಸಿದರು. “ಇರ್ಲಿ ತಮ್ಮಾ, ನಿನಗ ಹೆಂಗ ಗೊತ್ತಾಗಬೇಕು,” ಅಂದರು, ಮುಖದ ಒಂದು ಗೆರೆಯೂ ಕದಲದೆ. ಹುರಿದ ಬೇಳೆಯನ್ನೆಲ್ಲ ಬದಿಗಿಟ್ಟು ಮತ್ತೆ ಸ್ನಾನಕ್ಕೆ ಹೋದರು. ಬಚ್ಚಲಲ್ಲಿ ತಂಬಿಗೆಯಿಂದ ಸುರಿದ ನೀರು ಶಿವಯೋಗಿಯ ಕಿವಿಗೆ ತುಂಗಭದ್ರೆಯ ಹೊಳೆಯಷ್ಟು ಕೇಳಿಸಿತು.

“ಬೈದಿದ್ರ ಛಲೋ ಇತ್ತು,” ಹರಿಪ್ರಿಯಾ ಪಿಸುಗುಟ್ಟಿದಳು. “ಬೈದವರ ಜೋಡಿ ಜಗಳಾ ಆಡಬಹುದು. ಹಿಂಗ ಸಮಾಧಾನಲೆ ಸ್ನಾನಕ್ಕ ಹೋದವರ ಮುಂದ ಏನಂತ ಮಾತು ತಗೀಲಿ?”

“ತಗಿಬೇಕು ಅಂತಿದ್ರೇನ್ರಿ?”

“ಇವತ್ತ. ನೀವು ಹೋದಮ್ಯಾಲೆ.” ಅವಳ ಕಣ್ಣು ತುಂಬಿತು. “ಆ ಲಗ್ನ ಬ್ಯಾಡ ಅನ್ನಾಕಿ ಇದ್ದೆ. ಇನ್ನ ಆಗಂಗಿಲ್ಲ.”

ಮರುಶನಿವಾರ ಅವಳು ಬಂದಾಗ ಅವನು ಕೈಯಾರೆ ಬರೆದ ಕೋಡನ್ನೆಲ್ಲ ಬಿಟ್ಟು ಶಾಪಿಫೈಯಲ್ಲಿ ಅಂಗಡಿ ಹಚ್ಚಿ ಮುಗಿಸಿದ್ದ. ಯಮುನಾಬಾಯಿ ಮಡಿ ಬಿಟ್ಟಮೇಲೆ ಫೋನು ಮುಟ್ಟಿದರೂ ಸಾಕು, ಬೆಳಗಿನ ಆರ್ಡರುಗಳು ಸಾಲಾಗಿ ಕಾಯುತ್ತಿರುತ್ತವೆ.

“ಇದಕ್ಕ ಯಾರಿಗೂ ಫೋನ್ ಮಾಡೋದು ಬ್ಯಾಡೇನು?”

“ಬ್ಯಾಡ್ರಿ. ಅದ ಇದರ ಗುಣ.”

“ಐಬು?”

“ಐಬೂ ಅದೇ ರೀ.”

ಅಂಗಡಿ ಯಮುನಾಬಾಯಿಯ ಹೆಸರಿಗೆ ಹೋಯಿತು. ಅದರೊಳಗೆ ಬದಲಾವಣೆ ಮಾಡುವ ಹಕ್ಕಿದ್ದವರ ಪಟ್ಟಿಯಲ್ಲಿ ಇನ್ನು ಉಳಿದದ್ದು ಹರಿಪ್ರಿಯಾಳ ಹೆಸರು, ಶಿವಯೋಗಿಯ ಹೆಸರು.

“ನಿಮ್ಮದು ಇರ್ಲಿ ಬಿಡ್ರಿ,” ಅಂದಳು.

“ಇದ್ರ ದಿನಾ ತಗದು ನೋಡ್ತೀನ್ರಿ.” ತನ್ನ ಹೆಸರನ್ನು ತಾನೇ ತೆಗೆದುಹಾಕಿದ. ಆಮೇಲೆ ನಗಲು ನೋಡುತ್ತ, “ಗಿರಾಕಿಯಾಗಿ ಒಂದು ಪಾಕೀಟ ತಗೊಂಡು ನೋಡೂಣು, ಸರಿ ನಡಿತೈತೋ ಇಲ್ಲೋ,” ಅಂದು ಮೆಂತೆಹಿಟ್ಟಿಗೆ ಆರ್ಡರು ಕೊಟ್ಟ.

ಪರದೆಯ ಮೇಲೆ ದಪ್ಪ ಅಕ್ಷರಗಳು ಮೂಡಿದವು. ಅವಳು ‘ಅದನ್ನ ಮಾಡ್ರಿ’ ಅಂದ ದಿನ ಅವನೇ ಬರೆದ ಸಾಲು. ಹಳೆಯ ಸೈಟಿನ ಬರಹವನ್ನೆಲ್ಲ ಶಾಪಿಫೈಗೆ ಎತ್ತಿ ಹಾಕುವಾಗ ಇದನ್ನು ತೆಗೆಯಲು ಮರೆತಿದ್ದ: ‘ಧನ್ಯವಾದ. ಇವತ್ತಿನಿಂದ ನೀವೂ ನಮ್ಮ ಮನೆಯವರು.’

ಅವನ ಕೈ ಗಾಬರಿಯಿಂದ ಮೌಸಿಗೆ ಹೋಯಿತು. “ತಪ್ಪಾತ್ರಿ, ಬದಲಿ ಮಾಡ್ತೀನಿ.”

“ನಿಮಗಿನ್ನ ಬರೂದಿಲ್ಲಲಾ,” ಅಂದಳು ಹರಿಪ್ರಿಯಾ, ಬಸ್ಸಿಗೆಂದು ಚೀಲ ಹೆಗಲಿಗೇರಿಸುತ್ತ. “ನನಗ ಬರ್ತದ. ನಾ ಮಾಡೂದಿಲ್ಲ.”